ಸೊನ್ನೆಯಿಂದ ಶುರುವಾದ ದೂರು

ಗೋಡೆಯ ಮೇಲೆ ನೂರ ಹದಿನಾಲ್ಕನೆಯ ದೂರು ಇರಲಿಲ್ಲ.

ನೂರ ಹದಿಮೂರು ಇತ್ತು. ನೂರ ಹದಿನೈದು ಇತ್ತು. ನಡುವೆ ಒಂದು ಹಾಳೆಯಷ್ಟು ಜಾಗ ಖಾಲಿ. ಅಲ್ಲಿ ಗೋಂದು ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿತ್ತು. ದೂರಕ್ಕ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡು ಇನ್ನೊಮ್ಮೆ ಎಣಿಸಿದಳು. ಎಣಿಕೆ ತಪ್ಪಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ತಪ್ಪಿರಲಿಲ್ಲ.

ಎರಡು ನಿಮಿಷದ ಹಿಂದಷ್ಟೇ ಅವಳು ಆ ದೂರನ್ನು ತನ್ನ ಮೇಜಿನ ಕಂಪ್ಯೂಟರಿನಲ್ಲಿ ಓದಿದ್ದಳು. ಓದಿ ಮುಗಿಸಿದವಳೇ, ಗೋಡೆಗೆ ಅಂಟಿಸಿದ ಹಾಳೆಯನ್ನು ಯಾರ ಕಣ್ಣಿಗೂ ಬೀಳುವ ಮೊದಲು ಕಿತ್ತುಬಿಡಬೇಕೆಂದು ಓಡಿ ಬಂದಿದ್ದಳು. ಐವತ್ತಾರರ ಮಂಡಿಗಳು ಎಷ್ಟು ಓಡಿಯಾವು? ಅವಳಿಗಿಂತ ಮೊದಲೇ ಯಾರೋ ಬಂದು ಹೋಗಿದ್ದರು.

ಆ ಕಚೇರಿಯಲ್ಲಿ ತಯಾರಾಗುತ್ತಿದ್ದದ್ದು ‘ರವಾನೆ’ ಎಂಬ ಸಾಫ್ಟ್‌ವೇರು. ದೊಡ್ಡ ದೊಡ್ಡ ಫೈಲುಗಳನ್ನು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ನೇರವಾಗಿ ಮುಟ್ಟಿಸುವುದು ಅದರ ಕೆಲಸ. ‘ಕೊಟ್ಟವರಿಗೂ ತೆಗೆದುಕೊಂಡವರಿಗೂ ನಡುವೆ ಮೂರನೆಯವರಿಲ್ಲ’ ಎಂದು ಕಚೇರಿಯ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಅದರ ಐದನೆಯ ಆವೃತ್ತಿ ಹೊರಬಿದ್ದು ಇವತ್ತಿಗೆ ನಾಲ್ಕು ದಿನ. ಜನ ತಮಗೆ ತೋಚಿದ್ದನ್ನೆಲ್ಲ ಬರೆದು ಕಳಿಸುತ್ತಿದ್ದರು. ಅದನ್ನು ಓದುವುದೇ ದೂರಕ್ಕನ ಕೆಲಸ; ಆ ಹೆಸರು ಬಂದದ್ದೂ ಅದರಿಂದಲೇ. ಟೆಲಿಫೋನ್ ಆಫೀಸಿನ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಜನರ ಬೈಗುಳ ಕೇಳಿ ಪಳಗಿದ ಕಿವಿ ಅವಳದು. ಇಲ್ಲಿ ಕಿವಿಗೆ ಬಿಡುವು, ಕಣ್ಣಿಗೆ ಕೆಲಸ.

ಪ್ರತಿ ದೂರನ್ನೂ ಓದಿ, ಅಚ್ಚು ತೆಗೆದು, ನೀರಿನ ಫಿಲ್ಟರಿನ ಪಕ್ಕದ ಗೋಡೆಗೆ ಗೋಂದು ಹಚ್ಚಿ ಅಂಟಿಸುವ ಪದ್ಧತಿ ಅವಳೇ ತಂದದ್ದು. ನೀರು ಕುಡಿಯಲು ಬಂದವನು ಒಂದನ್ನಾದರೂ ಓದದೆ ಹೋಗಬಾರದು ಎಂಬುದು ಅವಳ ಲೆಕ್ಕಾಚಾರ. ಯಾವ ದೂರನ್ನು ಯಾರು ಸರಿಪಡಿಸಲು ಒಪ್ಪುತ್ತಾರೋ ಅವರು ಆ ಹಾಳೆ ಕಿತ್ತುಕೊಂಡು, ಖಾಲಿ ಜಾಗದಲ್ಲಿ ನೀಲಿ ಪೆನ್ಸಿಲಿನಿಂದ ತಮ್ಮ ಗುರುತು ಹಾಕಬೇಕು. ದಾರಕ್ಕೆ ಕಟ್ಟಿದ ಪೆನ್ಸಿಲು ಅಲ್ಲೇ ತೂಗುತ್ತಿರುತ್ತಿತ್ತು.

ಈ ಖಾಲಿ ಜಾಗದಲ್ಲಿ ಗುರುತು ಇರಲಿಲ್ಲ.

ಭಾನುವಾರ. ರಜೆಯಾದರೂ ಹೊಸ ಆವೃತ್ತಿಯ ವಾರವಾದ್ದರಿಂದ ಮೂವರು ಬಂದಿದ್ದರು. ಕಚೇರಿಯ ಯಜಮಾನರು, ಅವರ ಹೆಂಡತಿಯ ತಮ್ಮ, ಮತ್ತು ಅವಳು. ತನ್ನನ್ನು ಬಿಟ್ಟರೆ ಉಳಿದವರು ಇಬ್ಬರು.

ಅವಳು ಮೇಜಿಗೆ ಹಿಂತಿರುಗಿ ಆ ದೂರನ್ನು ಮತ್ತೆ ಓದಿದಳು. ಅಕ್ಷರಗಳು ಬದಲಾಗಿರಲಿಲ್ಲ.

“ರವಾನೆ ಐದರ ಬಗ್ಗೆ ದೂರು.
ಹಂತ ಸೊನ್ನೆ: ಕುರ್ಚಿ ಸರಿಮಾಡಿಕೊಂಡು ಕೂತೆ.
ಹಂತ ಒಂದು: ಒಂದು ಫೈಲನ್ನು ಒಬ್ಬರಿಗೆ ಕಳಿಸಿದೆ.
ಹಂತ ಎರಡು: ಅದು ಇಬ್ಬರಿಗೆ ಹೋಯಿತು.
ಹಂತ ಮೂರು: ಆ ಎರಡನೆಯವರು ಯಾರೆಂದು ನಮ್ಮಪ್ಪನಿಗೆ ಗೊತ್ತಿತ್ತು. ಅಪ್ಪ ಬರೆದಿಟ್ಟದ್ದು ನನ್ನ ಹತ್ತಿರ ಇದೆ. ಏನಾದರೂ ಆದರೆ ದೂರಕ್ಕನಿಗೆ ಬರಿ, ದೂರು ಅಂತಲೇ ಬರಿ, ಅವರು ಓದದೆ ಬಿಡುವವರಲ್ಲ ಅಂದಿದ್ದರು.”

ಹಂತ ಸೊನ್ನೆ ಎಂದು ಬರೆಯುವ ಮನುಷ್ಯ ಈ ಕಚೇರಿಯಲ್ಲಿ ಒಬ್ಬನೇ ಇದ್ದ. ಅವನು ಹಿಂಬದಿಯ ಮೆಟ್ಟಿಲಿನಿಂದ ಬಿದ್ದು ಸತ್ತು ಹನ್ನೊಂದು ದಿನವಾಗಿತ್ತು.

ಅವನಿಗೆ ಎಲ್ಲರೂ ಸೊನ್ನೆ ಮೇಷ್ಟ್ರು ಅನ್ನುತ್ತಿದ್ದರು. ಸಾಫ್ಟ್‌ವೇರು ಹೊರಹೋಗುವ ಮುನ್ನ ಅದನ್ನು ಪರೀಕ್ಷಿಸುವ ಕೆಲಸ ಅವನದು. ಹಿಂಬದಿಯ ಕೋಣೆಯಲ್ಲಿ, ಒಂದು ಗಾಲಿ ಮುರಿದ ಕುರ್ಚಿಯಲ್ಲಿ ಕೂರುತ್ತಿದ್ದ. ಪರೀಕ್ಷೆ ಶುರುಮಾಡುವ ಮೊದಲು ಆ ಕುರ್ಚಿಯನ್ನು ಎಳೆದು ನೆಲೆಗೆ ನಿಲ್ಲಿಸುವ ಕರಕರ ಸದ್ದು ಇಡೀ ಕಚೇರಿಗೆ ಕೇಳುತ್ತಿತ್ತು. “ಮೇಷ್ಟ್ರು ಶುರುಹಚ್ಚಿಕೊಂಡ್ರು, ಇನ್ನು ನಾವು ಬರೆದ ಕೋಡಿಗೆ ಉಳಿಗಾಲ ಇಲ್ಲ” ಎಂದು ಹುಡುಗರು ನಗುತ್ತಿದ್ದರು.

“ಅದೇನ್ರೀ ಸೊನ್ನೆಯಿಂದ ಎಣಿಸ್ತೀರಾ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಎಲ್ಲಾ ಎಡವಟ್ಟೂ ಒಂದಕ್ಕಿಂತ ಮುಂಚೇನೇ ಶುರುವಾಗಿರುತ್ತೆ ಅಕ್ಕಾ. ಒಂದರಿಂದ ಎಣಿಸೋರಿಗೆ ಅದು ಕಾಣಲ್ಲ” ಅಂದಿದ್ದ.

ಅವನಿಗೊಬ್ಬಳು ಮಗಳಿದ್ದಾಳೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಗೊತ್ತಾಗಬಾರದವರಿಗೆ ಅವಳು ಎಲ್ಲಿದ್ದಾಳೆಂಬುದೂ ಗೊತ್ತಾಯಿತು. ಯಾಕೆಂದರೆ ಐದನೆಯ ಆವೃತ್ತಿಯ ಜೊತೆ ಬಂದ ಹೊಸ ಸೌಕರ್ಯವೊಂದಿತ್ತು. ಪ್ರತಿ ದೂರಿನ ಅಡಿಯಲ್ಲಿ, ಬರೆದವರ ಕಂಪ್ಯೂಟರಿನ ವಿವರ ತಾನಾಗಿಯೇ ಚೀಟಿಯಂತೆ ಅಂಟಿಕೊಂಡು ಬರುತ್ತಿತ್ತು. ಬರೆದವರಿಗೆ ಅದು ಕಾಣುತ್ತಿರಲಿಲ್ಲ. ಈ ದೂರಿನ ಅಡಿಯ ಚೀಟಿಯಲ್ಲಿ ಇದ್ದದ್ದು ಇಷ್ಟು:

“ಕಂಪ್ಯೂಟರು: ಪುಟ್ಟಿ. ವೈಫೈ: ನರ್ಸ್‌ಗಳ ಹಾಸ್ಟೆಲ್, ಮೂರನೇ ಮಹಡಿ.”

ಆ ವಿಳಾಸವನ್ನು ಅವಳೇ ಗೋಂದು ಹಚ್ಚಿ ಗೋಡೆಗೆ ಅಂಟಿಸಿದ್ದಳು.

*

ಬಾಮೈದ ತನ್ನ ಜಾಗದಲ್ಲಿ ಕೂತಿದ್ದ. ಯಜಮಾನರ ಹೆಂಡತಿಯ ತಮ್ಮನಾದ್ದರಿಂದ ಬೆನ್ನ ಹಿಂದೆ ಎಲ್ಲರಿಗೂ ಅವನು ಬಾಮೈದನೇ. ರವಾನೆಯ ಕೋಡಿನಲ್ಲಿ ಮುಕ್ಕಾಲು ಪಾಲು ಅವನು ಬರೆದದ್ದು. ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಅವನು ಅದನ್ನೇ ನೋಡುತ್ತ ಬಲಗೈ ಬೆರಳುಗಳನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಉಜ್ಜಿದಷ್ಟೂ ಪ್ಯಾಂಟಿನ ನೂಲು ಬೆರಳಿಗೆ ಹತ್ತಿಕೊಳ್ಳುತ್ತಿತ್ತು.

“ಏನಪ್ಪಾ, ಗೋಡೆಯಿಂದ ಹಾಳೆ ತೆಗೆದ್ಯಾ?”

“ಯಾವ ಹಾಳೆ ಅಕ್ಕಾ?”

“ಕೈ ತೋರಿಸು.”

ಅವನು ನಗಲು ನೋಡಿದ. “ಸ್ಕೂಲಲ್ಲಿ ಉಗುರು ನೋಡೋ ಟೀಚರ್ ಥರ ಆಡ್ತೀರಲ್ಲ.”

“ತೋರಿಸು ಅಂದೆ.”

ಅವನು ತೋರಿಸಲಿಲ್ಲ. ನೀರಿನ ಬಾಟಲಿ ಎತ್ತಿಕೊಂಡ. ಬಾಟಲಿ ಬೆರಳಿಗೆ ಅಂಟಿ, ಬಿಡುವಾಗ ಸಣ್ಣಗೆ ಚಟ್ ಎಂದಿತು. ಇಬ್ಬರೂ ಆ ಸದ್ದನ್ನು ಕೇಳಿಸಿಕೊಂಡರು.

ದೂರಕ್ಕನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಮೇಷ್ಟ್ರು ತಾನಾಗಿ ಬಿದ್ದಿರದೆ, ಅವನನ್ನು ಮೆಟ್ಟಿಲಿನಿಂದ ತಳ್ಳಿದ ಕೈ ಇದೇ ಆಗಿದ್ದರೆ, ಈ ದೊಡ್ಡ ಕೋಣೆಯಲ್ಲಿ ಅವಳ ಕೂಗು ಯಾರಿಗೆ ಕೇಳೀತು? ಕೆಳಗಿನ ಅಂಗಡಿಗಳು ಭಾನುವಾರ ತೆರೆಯುವುದಿಲ್ಲ. ಆದರೂ ಪಕ್ಕದ ಕುರ್ಚಿ ಎಳೆದುಕೊಂಡು ಅವನೆದುರಿಗೇ ಕೂತಳು.

“ಒಂದು ಹೆಣ್ಣುಮಗಳ ಪ್ರಾಣದ ಪ್ರಶ್ನೆ ಕಣಪ್ಪ. ಆ ಹಾಳೆ ಎಲ್ಲಿದೆ?”

ಅವನು ಕೀಬೋರ್ಡನ್ನು ಎತ್ತಿದ. ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಹಾಳೆ ಇತ್ತು.

ಅವಳು ಬಿಡಿಸಿದಳು. ಹಂತ ಸೊನ್ನೆ, ಒಂದು, ಎರಡು, ಮೂರು. ಅದರ ಕೆಳಗೆ ಚೀಟಿ ಇರಬೇಕಾದ ಕಡೆ ಹಾಳೆಯೇ ಇರಲಿಲ್ಲ.

“ಕೆಳಗಿನದು ಎಲ್ಲಿ?”

“ಗೊತ್ತಿಲ್ಲ. ನಾನು ಕೀಳೋವಾಗಲೇ ಇರಲಿಲ್ಲ. ಆಣೆ ಮಾಡ್ಲಾ?”

“ಆಣೆ ಬೇಡ, ಸತ್ಯ ಹೇಳು. ಯಾಕೆ ಕಿತ್ತೆ?”

“ಹೆದರಿಕೆಗೆ.” ಅವನ ಧ್ವನಿ ಕೆಳಗಿಳಿದಿತ್ತು. “ನೀರು ಕುಡಿಯೋಣ ಅಂತ ಹೋದೆ. ಓದಿದೆ. ಒಂದು ಫೈಲು ಇಬ್ಬರಿಗೆ ಹೋಯ್ತು ಅಂತಿದೆಯಲ್ಲ, ಆ ಎರಡನೇ ದಾರಿ ಹಾಕಿದ್ದು ನಾನೇ ಅಕ್ಕಾ. ಜನ ಏನು ಕಳಿಸಿದ್ರೂ ಅದರ ಒಂದು ನಕಲು ಇಲ್ಲಿಗೆ ಬರುತ್ತೆ. ಬರೀ ಪರೀಕ್ಷೆಗೆ ಅಂತ ಹೇಳಿ ಬರೆಸಿದ್ರು. ಆಮೇಲೆ ತೆಗೆಯೋಕೆ ಬಿಡಲಿಲ್ಲ. ಅದು ಮೇಷ್ಟ್ರ ಕಣ್ಣಿಗೆ ಬಿತ್ತು.”

“ಯಾರು ಬರೆಸಿದ್ದು?”

ಅವನ ಕಣ್ಣು ಗಾಜಿನ ಕೋಣೆಯ ಕಡೆಗೆ ಹೋಯಿತು. ಯಜಮಾನರ ಕುರ್ಚಿ ಖಾಲಿಯಾಗಿತ್ತು.

ದೂರಕ್ಕ ಹಾಳೆಯ ಅಂಚನ್ನು ಬೆಳಕಿಗೆ ಹಿಡಿದಳು. ಕೈಯಿಂದ ಹರಿದದ್ದಾದರೆ ಅಂಚು ಸೊಟ್ಟಗಿರುತ್ತದೆ. ಇದು ಗೆರೆ ಎಳೆದಷ್ಟು ನೇರವಾಗಿತ್ತು. ಹಾಳೆಗಳನ್ನು ಹೀಗೆ ಹರಿಯುವವರು ಒಬ್ಬರೇ. ಅವರು ಯಾವ ಕಾಗದವನ್ನೂ ಸ್ಟೀಲಿನ ಸ್ಕೇಲು ಇಡದೆ ಹರಿದವರಲ್ಲ.

ಅವಳು ಎದ್ದು ಗಾಜಿನ ಕೋಣೆಗೆ ಹೋದಳು. ಒಳಗೆ ಎಲ್ಲವೂ ಒಪ್ಪವಾಗಿತ್ತು. ಪೆನ್ನುಗಳು ಸಾಲಾಗಿ, ಪುಸ್ತಕಗಳು ಸಾಲಾಗಿ, ಸ್ಕೇಲು ಮೇಜಿನ ಅಂಚಿಗೆ ಸಮನಾಗಿ. ಅವಳು ಸ್ಕೇಲಿನ ಮೇಲೆ ಬೆರಳಿಟ್ಟಳು.

ಬೆರಳು ಅಂಟಿತು.

“ನಿಮ್ಮ ಭಾವ ಎಲ್ಲಿ?” ಹೊರಗೆ ಬಂದು ಕೇಳಿದಳು.

“ಒಂಬತ್ತೂವರೆಗೇ ಹೋದ್ರು. ಒಬ್ಬ ಗ್ರಾಹಕರು ಅಭಿಪ್ರಾಯ ಬರೆದಿದಾರೆ, ಮುಖತಃ ಮಾತಾಡಿ ಬರ್ತೀನಿ ಅಂದ್ರು.”

ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು.

“ಇನ್ನೊಂದು ಹೇಳು. ದೂರಿನ ಅಡಿಗೆ ಚೀಟಿ ಬರೋ ಹಾಗೆ ಮಾಡಿದ್ದು ಯಾವಾಗ?”

“ಕೊನೇ ಗಳಿಗೇಲಿ. ಮೇಷ್ಟ್ರು ಹೋದ ನಾಲ್ಕನೇ ದಿನ. ಜನರ ಅನುಕೂಲಕ್ಕೆ ಅಂದ್ರು.”

ಅವಳು ಗೋಡೆಗೆ ಕೈಯೂರಿ ನಿಂತಳು. ಇವತ್ತು ಬೆಳಿಗ್ಗೆ ಯಜಮಾನರು ತಾವಾಗಿಯೇ ಅವಳ ಮೇಜಿನ ಬಳಿ ಬಂದಿದ್ದರು. “ಅಕ್ಕಾ, ರಾಶಿ ಬಿದ್ದಿದೆ. ಒಂದೊಂದೇ ಓದ್ತಾ ಕೂತ್ರೆ ಸಂಜೆ ಆಗುತ್ತೆ. ಇವತ್ತು ಮೊದಲು ಎಲ್ಲಾ ಅಂಟಿಸಿಬಿಡಿ, ಆಮೇಲೆ ನಿಧಾನವಾಗಿ ಓದಿ” ಎಂದಿದ್ದರು. ತನ್ನ ಕಷ್ಟ ಇವರಿಗಾದರೂ ಅರ್ಥವಾಯಿತಲ್ಲ ಎಂದು ಅವಳ ಮನಸ್ಸು ತುಂಬಿ ಬಂದಿತ್ತು.

ದೂರಿನ ಪೆಟ್ಟಿಗೆಯ ಪಾಸ್‌ವರ್ಡು ಅವಳೊಬ್ಬಳಿಗೇ ಗೊತ್ತು. ಹಾಗೇ ಇರಬೇಕೆಂದು ಹಟ ಹಿಡಿದವನು ಮೇಷ್ಟ್ರು. ಪೆಟ್ಟಿಗೆಯೊಳಗೆ ಇಣುಕಲಾಗದವರು ಪೆಟ್ಟಿಗೆಯನ್ನೇ ಗೋಡೆಯ ಮೇಲೆ ಸುರಿಸಿಕೊಂಡರು. ಆರು ವರ್ಷದಲ್ಲಿ ಒಂದು ದಿನವೂ ಓದದೆ ಅಂಟಿಸಿದವಳಲ್ಲ ಅವಳು. ಇವತ್ತು ಅಂಟಿಸಿದ್ದಳು.

ಎಡವಟ್ಟು ಒಂದಕ್ಕಿಂತ ಮುಂಚೆಯೇ ಶುರುವಾಗಿತ್ತು.

*

ಇನ್ಸ್‌ಪೆಕ್ಟರಮ್ಮ ಮೊದಲನೆಯ ರಿಂಗಿಗೇ ಫೋನ್ ಎತ್ತಿದರು. ಮೇಷ್ಟ್ರ ಸಾವು ಜಾರಿ ಬಿದ್ದದ್ದಲ್ಲ ಎಂದು ನಂಬಿದವರು ಠಾಣೆಯಲ್ಲಿ ಅವರೊಬ್ಬರೇ. ದೂರಕ್ಕ ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಆ ಹುಡುಗಿ ಫೋನ್ ನಂಬರ್ ಇದೆಯಾ?”

“ಇಲ್ಲಮ್ಮ. ದೂರಿಗೆ ಉತ್ತರ ಬರೆಯೋದು ಬಿಟ್ರೆ ಬೇರೆ ದಾರಿ ಇಲ್ಲ.”

“ಬರೀರಿ. ಹಾಸ್ಟೆಲಿಗೆ ನಾನೇ ಹೊರಟೆ. ಊರಿನ ಆ ತುದಿ, ಇಪ್ಪತ್ತೈದು ನಿಮಿಷ ಹಿಡಿಯುತ್ತೆ. ನೀವು ಮುಂಬಾಗಿಲು ಹಾಕ್ಕೊಂಡು ಅಲ್ಲೇ ಕೂತಿರಿ. ಅವರು ವಾಪಸ್ ಬಂದ್ರೂ ತೆಗೀಬೇಡಿ.”

“ಇಲ್ಲೊಬ್ಬ ಇದಾನೆ, ಅವನು...”

“ಅವನನ್ನ ಕಣ್ಣೆದುರಿಗೇ ಇಟ್ಕೊಂಡಿರಿ” ಎಂದು ಫೋನ್ ಇಟ್ಟರು.

ಬಾಮೈದ ಮುಂಬಾಗಿಲಿನ ಬೋಲ್ಟು ಹಾಕಿ ಬಂದ. ತಿರುಗಿ ಹೋಗಿ ಅದನ್ನು ಇನ್ನೊಮ್ಮೆ ಎಳೆದು ನೋಡಿದ. ಅವನ ಹೆದರಿಕೆ ಕಂಡು ಅವಳಿಗೆ ಒಂದು ಬಗೆಯ ಸಮಾಧಾನವಾಯಿತು.

ಅವಳು ಬರೆದಳು. “ಪುಟ್ಟಿ, ನಾನು ದೂರಕ್ಕ. ನಿನ್ನ ದೂರು ಓದಿದೆ. ಬಾಗಿಲು ತೆಗೆಯಬೇಡ. ಯಾರೇ ಬಂದು ರವಾನೆಯ ಕಡೆಯವರು ಅಂದರೂ ಹೋಗಬೇಡ. ವಾರ್ಡನ್ ಹತ್ತಿರ ಹೋಗಿ ಕೂತಿರು. ಪೊಲೀಸಿನವರು ಬರುತ್ತಿದ್ದಾರೆ. ಓದಿದ ಕೂಡಲೇ ಒಂದು ಸಾಲು ಬರಿ.”

ಕಳಿಸಿದಳು. ಕಾದಳು.

ಫಿಲ್ಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಐದು ನಿಮಿಷವಾಯಿತು.

ಟಿಂಗ್ ಎಂದಿತು. ಅವಳು ಪರದೆಯತ್ತ ಬಾಗಿದಳು. ದೂರು ಬೇರೆಯವರದು. “ಕಳಿಸುವ ಬಟನ್ನಿನ ಬಣ್ಣ ಯಾಕೆ ಬದಲಾಯಿಸಿದಿರಿ? ನಮ್ಮ ಮಾವನವರಿಗೆ ಹಸಿರು ಕಾಣುವುದಿಲ್ಲ, ಮನೆಯಲ್ಲಿ ನನಗೆ ಬೈಗುಳ.”

ಮತ್ತೆ ಟಿಂಗ್. “ನೂರಕ್ಕೆ ತೊಂಬತ್ತೊಂಬತ್ತರವರೆಗೆ ಬಂದು ನಿಂತುಬಿಡುತ್ತೆ. ಥೇಟು ನಮ್ಮ ಮನೆಯವರ ಹಾಗೆ.”

ಬೇರೆ ದಿನವಾಗಿದ್ದರೆ ಅವಳು ನಕ್ಕು, ಅದನ್ನು ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ ಅಂಟಿಸುತ್ತಿದ್ದಳು. ಇವತ್ತು ಪ್ರತಿ ಟಿಂಗೂ ಬೆನ್ನ ಮೇಲೆ ಮಂಜುಗಡ್ಡೆ ಇಟ್ಟಂತಿತ್ತು.

“ಓದಿರುತ್ತಾಳೆ ಅಕ್ಕಾ” ಎಂದ ಬಾಮೈದ. “ಓದಿ ಕೆಳಗೆ ಓಡಿರುತ್ತಾಳೆ.”

“ನಿನ್ನ ಬಾಯಿಗೆ ಸಕ್ಕರೆ ಹಾಕ್ತೀನಿ. ಸುಮ್ಮನೆ ಕೂತಿರು.”

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಮತ್ತೊಂದು ಬಂತು.

“ರವಾನೆ ಐದರ ಬಗ್ಗೆ ಅಭಿಪ್ರಾಯ. ಐದು ನಕ್ಷತ್ರ.
ಹಂತ ಒಂದು: ತೊಂದರೆ ಸರಿಹೋಯಿತು.
ಹಂತ ಎರಡು: ಮೊದಲಿನ ದೂರು ಮರೆತುಬಿಡಿ.
ಹಂತ ಮೂರು: ಯಾರನ್ನೂ ಕಳಿಸುವುದು ಬೇಡ. ನಾನು ಕ್ಷೇಮ.”

ಬಾಮೈದ ಉಸಿರು ಬಿಟ್ಟ. “ಅಬ್ಬಾ, ಅವಳದೇ. ಚೆನ್ನಾಗಿದಾಳೆ. ಹೋದ ಜೀವ ಬಂದಂಗಾಯ್ತು.”

ದೂರಕ್ಕನ ಬೆರಳು ಪರದೆಯ ಮೇಲೆ ‘ಹಂತ ಒಂದು’ ಎಂಬಲ್ಲಿ ನಿಂತಿತು.

“ಏನಕ್ಕಾ? ಕ್ಷೇಮ ಅಂತ ಬರೆದಿದಾಳಲ್ಲ.”

“ಸೊನ್ನೆ ಎಲ್ಲಿ?”

“ಏನು?”

“ಅಪ್ಪನ ಹತ್ತಿರ ಕಲಿತ ಮಗಳು. ಅವಳು ಒಂದರಿಂದ ಶುರುಮಾಡೋಳಲ್ಲ. ಇದು ಅವಳು ಬರೆದದ್ದಲ್ಲ ಕಣೋ. ಅವಳ ಕಂಪ್ಯೂಟರಿನ ಮುಂದೆ ಬೇರೆ ಯಾರೋ ಕೂತಿದಾರೆ.”

ಅವನ ಕಣ್ಣುಗಳು ಪರದೆಯ ಮೇಲೆ ಕೆಳಕ್ಕೆ ಕೆಳಕ್ಕೆ ಜಾರಿದವು. ಐದು ನಕ್ಷತ್ರಗಳನ್ನು ದಾಟಿ, ಮೂರು ಹಂತಗಳನ್ನು ದಾಟಿ, ಅಡಿಯ ಚೀಟಿಗೆ ಬಂದು ನಿಂತವು. ಅದು ಬರೆದವರಿಗೆ ಕಾಣದ ಚೀಟಿ. ಹಾಕಿಸಿದವರೇ ಈಗ ಅವಸರದಲ್ಲಿ ಮರೆತುಬಿಟ್ಟ ಚೀಟಿ.

“ಅಕ್ಕಾ” ಎಂದ ಅವನು. ಅಷ್ಟೇ ಅಂದ.

ಅವಳೂ ಓದಿದಳು.

“ಕಂಪ್ಯೂಟರು: ಪುಟ್ಟಿ. ವೈಫೈ: ರವಾನೆ ಹಿಂಬದಿ.”

ಕಚೇರಿಗೆ ಎರಡು ವೈಫೈ ಇದ್ದವು. ಅವುಗಳ ಹೆಸರು ಬರೆದ ಕಾಗದ ಫಿಲ್ಟರಿನ ಮೇಲೆಯೇ ಇತ್ತು, ಅವಳೇ ಅಂಟಿಸಿದ್ದು. ಮುಂಬದಿಯದು ಎಲ್ಲರಿಗೆ. ಹಿಂಬದಿಯದು ಒಂದೇ ಕೋಣೆಗೆ. ಮೇಷ್ಟ್ರು ತನ್ನ ಪರೀಕ್ಷೆಗಳಿಗಾಗಿ ಹಾಕಿಸಿಕೊಂಡದ್ದು. ಅವನು ಸತ್ತ ದಿನದಿಂದ ಆ ಕೋಣೆಗೆ ಬೀಗ. ಬೀಗದ ಕೈ ಯಜಮಾನರ ಬಳಿ. ಮೇಷ್ಟ್ರು ಬರೆದಿಟ್ಟದ್ದನ್ನು ಹುಡುಗಿಯಿಂದ ತೆಗೆಸಲು ಅವರು ಅವಳನ್ನು ಬೇರೆ ಯಾರೂ ಕಾಲಿಡದ ಆ ಕೋಣೆಗೇ ತಂದಿರಬೇಕು. ಹಿಂಬದಿಯ ಮೆಟ್ಟಿಲು ಹತ್ತಿ ಬಂದರೆ ಮುಂಬಾಗಿಲಿಗೆ ಬರುವ ಅಗತ್ಯವೇ ಇಲ್ಲ.

ತಾವು ಬೋಲ್ಟು ಹಾಕಿದ್ದು ಮುಂಬಾಗಿಲಿಗೆ.

ಅವಳು ಫೋನ್ ಒತ್ತಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಗಾಡಿ ಓಡಿಸುವಾಗ ಇನ್ಸ್‌ಪೆಕ್ಟರಮ್ಮ ಫೋನ್ ಮುಟ್ಟುವವರಲ್ಲ. ಊರಿನ ಆ ತುದಿಗೆ, ಖಾಲಿ ಕೋಣೆಯೊಂದರ ಕಡೆಗೆ, ಅವರು ಧಾವಿಸುತ್ತಿದ್ದರು. ಕಳಿಸಿದವಳು ತಾನೇ.

“ಇಲ್ಲಿಂದ ಹೋಗಿಬಿಡೋಣ ಅಕ್ಕಾ” ಬಾಮೈದ ಪಿಸುಗುಟ್ಟಿದ. “ಬಾಗಿಲು ಹತ್ತು ಹೆಜ್ಜೆ ಇದೆ.”

ಹತ್ತು ಹೆಜ್ಜೆ. ಅವಳು ಎಣಿಸಿಯೂ ನೋಡಿದಳು. ಹೋಗಬಹುದಿತ್ತು.

ಆಗ ಗೋಡೆಯ ಆಚೆ ಯಾರೋ ಕುರ್ಚಿ ಎಳೆದರು.

ಗಾಲಿ ಮುರಿದ ಕುರ್ಚಿಯ ಕರಕರ ಸದ್ದು. ಹನ್ನೊಂದು ದಿನದಿಂದ ಈ ಕಚೇರಿ ಅದನ್ನು ಕೇಳಿರಲಿಲ್ಲ. ಬಾಮೈದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಒಳಗೆ ಗಂಡಸಿನ ಧ್ವನಿಯೊಂದು ಸಣ್ಣಗೆ ಗದರಿತು. ಸದ್ದು ನಿಂತಿತು.

ಮತ್ತೆ ಎಳೆದರು. ಈ ಸಲ ಬೇಕೆಂದೇ, ಉದ್ದಕ್ಕೆ, ನಿಧಾನವಾಗಿ. ಪರೀಕ್ಷೆಗೆ ಕೂರುವ ಮೊದಲು ಕುರ್ಚಿ ಸರಿಮಾಡಿಕೊಳ್ಳುವವರ ಹಾಗೆ.

ಹಂತ ಸೊನ್ನೆ. ಹುಡುಗಿ ಬದುಕಿದ್ದಾಳೆ. ಕುರ್ಚಿಯ ಸದ್ದಿನಲ್ಲೇ ದೂರು ಬರೆಯುತ್ತಿದ್ದಾಳೆ.

ದೂರಕ್ಕ ಸದ್ದಾಗದಂತೆ ಚಪ್ಪಲಿ ಕಳಚಿದಳು. ಗಾಜಿನ ಕೋಣೆಯ ಮೇಜಿನಿಂದ ಸ್ಟೀಲಿನ ಸ್ಕೇಲನ್ನು ಎತ್ತಿಕೊಂಡಳು. ಅದು ಅವಳ ಅಂಗೈಗೆ ಅಂಟಿ ಕೂತಿತು. ಬರಿಗಾಲಿನಲ್ಲಿ ಕಚೇರಿಯೊಳಗಿನ ಹಿಂಬದಿಯ ಓಣಿಗೆ ನಡೆದಳು. ಮೂರು ಹೆಜ್ಜೆ ಹಾಕುವಷ್ಟರಲ್ಲಿ ಆ ಕೋಣೆಯ ಬಾಗಿಲು ಕಂಡಿತು. ಬೀಗ ಇರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಬೆಳಕಿನ ಪಟ್ಟಿಯೊಂದು ನೆಲದ ಮೇಲೆ ಬಿದ್ದಿತ್ತು.

ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ, ಮುಂಬದಿಯ ಕೋಣೆಯಲ್ಲಿ ಅವಳ ಮೇಜಿನ ಕಂಪ್ಯೂಟರು ಟಿಂಗ್ ಎಂದಿತು.

ಆ ಸದ್ದಿಗೆ, ಬೆಳಕಿನ ಪಟ್ಟಿಯ ನಡುವೆ ಎರಡು ನೆರಳು ಬಂದು ನಿಂತವು. ಎರಡು ಪಾದಗಳು. ಅವು ಅಲ್ಲಾಡಲಿಲ್ಲ. ಬಾಗಿಲಿನ ಆಚೆ, ಅವಳಷ್ಟೇ ಹತ್ತಿರದಲ್ಲಿ, ಯಾರೋ ಉಸಿರು ಹಿಡಿದು ಆಲಿಸುತ್ತಿದ್ದರು.